ಪುಟ್ಟ ಮನೆಗೆ ಎಂಬತ್ತು ಮಳೆಗಾಲ

ಪ್ರಶ್ನೆ: ತೀರ್ಥಹಳ್ಳಿ ಕಡೆಯಲ್ಲಿದ್ದ ನಮ್ಮ ಅಜ್ಜಿ ಮನೆಯನ್ನು ಕೆಲವು ವರ್ಷಗಳ ಹಿಂದೆ ಕೆಡವಿದರು. ಎಂಬತ್ತು ವರ್ಷದ ಹೆಂಚಿನ ಮನೆ. ಉಳಿದಿರುವ ಹತ್ತಾರು ಫೋಟೊಗಳನ್ನು ಇಟ್ಟುಕೊಂಡು 1:50 ಅಳತೆಯಲ್ಲಿ ಅದರ ಮಾದರಿ ಮಾಡಿದ್ದೇನೆ. ಗೋಡೆಗಳು ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಫೋಮ್ ಹಾಳೆ), ಮೇಲೆ ಪುಟ್ಟಿ. ಹೆಂಚುಗಳನ್ನು ದಪ್ಪ ಕಾಗದದಲ್ಲಿ ಒಂದೊಂದಾಗಿ ಕತ್ತರಿಸಿ ಅಂಟಿಸಿದ್ದೇನೆ. ಕಂಬ, ಬಾಗಿಲು, ದಳಿಗಳು (ಜಗಲಿಯ ಮರದ ಅಡ್ಡಗಟ್ಟುಗಳು) ಮರದ ಚಕ್ಕೆಯವು. ಕೆಲಸ ಮುಗಿದಾಗ ಅಂಗಡಿಯ ಆಟಿಕೆಯಂತೆ ಹೊಚ್ಚ ಹೊಸದಾಗಿ ಕಾಣುತ್ತಿತ್ತು. ಹಳತಾಗಿ ಕಾಣಲಿ ಎಂದು ಕಂದು ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಕಲಸಿ ಇಡೀ ಮನೆಗೆ ಬಳಿದೆ. ಈಗ ಕೊಚ್ಚೆಯಲ್ಲಿ ಅದ್ದಿ ತೆಗೆದಂತಿದೆ. ಇದನ್ನು ಅಮ್ಮನಿಗೆ ಕೊಡಬೇಕೆಂದಿದ್ದೆ. ಸರಿಪಡಿಸಲು ದಾರಿ ಇದೆಯೇ?

ಉತ್ತರ: ಇದೆ. ಮೊದಲು ಒಂದು ಕೆಲಸವನ್ನು ಮಾಡಬೇಡಿ: ಬಳಿದ ಕಂದನ್ನು ಉಜ್ಜಿ ತೆಗೆಯಲು ಹೋಗಬೇಡಿ. ಕಾಗದದ ಹೆಂಚುಗಳು ನೀರು ಕುಡಿದು ಅಂಚಿನಲ್ಲಿ ಎದ್ದು ನಿಲ್ಲುತ್ತವೆ, ಆಮೇಲೆ ಅವನ್ನು ಮಲಗಿಸುವುದು ಕಷ್ಟ. ಅಕ್ರಿಲಿಕ್ ಒಣಗಿ ಗಟ್ಟಿಯಾಗಿದೆ, ತಳಬಣ್ಣವಾಗಿ ಅಲ್ಲೇ ಇರಲಿ. ಒಂದೊಂದು ಹೆಂಚನ್ನೂ ಬೇರೆಯಾಗಿ ಕತ್ತರಿಸುವಷ್ಟು ತಾಳ್ಮೆ ಇರುವವರಿಗೆ ಮುಂದಿನ ಕೆಲಸ ಭಾರವಾಗುವುದಿಲ್ಲ.

ತಪ್ಪಿದ್ದು ಬಣ್ಣದಲ್ಲಿ ಅಲ್ಲ. ನೀವು ಆರಿಸಿದ ಕಂದು ಒಳ್ಳೆಯದೇ ಇರಬಹುದು. ಅದನ್ನು ಸೂರಿನ ಕೆಳಗೂ ಮಾಡಿನ (ಹೆಂಚಿನ ಚಾವಣಿಯ) ನೆತ್ತಿಗೂ ಜಗಲಿಯ ಒಳಗೋಡೆಗೂ ಒಂದೇ ಸಮನಾಗಿ ಬಳಿದದ್ದರಿಂದ ಮನೆ ಕೊಳೆಯಾಯಿತು, ಹಳೆಯದಾಗಲಿಲ್ಲ. ಹಳೆಯ ಮನೆಯ ಮೇಲಿನ ಪ್ರತಿಯೊಂದು ಕಲೆಗೂ ಕಾರಣ ಇರುತ್ತದೆ, ಮಲೆನಾಡಿನಲ್ಲಿ ಹೆಚ್ಚು ಪಾಲು ಆ ಕಾರಣ ನೀರು. ನೀರು ಹರಿದಲ್ಲಿ ಒಂದು ಬಣ್ಣ, ನಿಂತಲ್ಲಿ ಇನ್ನೊಂದು, ಎರಚಿದಲ್ಲಿ ಮತ್ತೊಂದು, ಎಂದೂ ಮುಟ್ಟದಲ್ಲಿ ಬೇರೆಯೇ ಬಣ್ಣ. ಹಾಗಾಗಿ ಕುಂಚ ಹಿಡಿಯುವ ಮೊದಲು ನಿಮ್ಮ ಫೋಟೊಗಳ ಜೆರಾಕ್ಸ್ ಪ್ರತಿ ತೆಗೆಸಿ, ನೀಲಿ ಪೆನ್ಸಿಲ್ ಹಿಡಿದು ನೀರಿನ ದಾರಿ ಬರೆಯಿರಿ. ಮಾಡಿನ ನೆತ್ತಿಯಿಂದ ಹೆಂಚಿನ ಗಾಡಿಗಳಲ್ಲಿ (ನೀರು ಹರಿಯುವ ತೋಡುಗಳಲ್ಲಿ) ಇಳಿದು, ಎರಡು ಮಾಡು ಕೂಡುವ ಮೂಲೆಯಲ್ಲಿ ಒಟ್ಟಾಗಿ, ಸೂರಿನಿಂದ ಅಂಗಳಕ್ಕೆ ಬಿದ್ದು, ಅಲ್ಲಿಂದ ಮಣ್ಣು ಎಬ್ಬಿಸಿ ಗೋಡೆಯ ಬುಡಕ್ಕೆ ಸಿಡಿಯುವವರೆಗೆ ಬಾಣದ ಗುರುತು ಹಾಕುತ್ತಾ ಹೋಗಿ. ಒಂದು ಸಂಜೆಯ ಕೆಲಸ. ಈ ನಕ್ಷೆ ಕೈಯಲ್ಲಿದ್ದರೆ ಎಲ್ಲಿ ಬಣ್ಣ ಹಚ್ಚಬಾರದು ಎಂಬುದೂ ತಿಳಿಯುತ್ತದೆ. ನನಗೆ ಇದನ್ನು ಕಲಿಯಲು ಮೂರು ಮಾದರಿಗಳು ಬೇಕಾದವು. ಮೊದಲನೆಯದರ ಮಾಡಿಗೆಲ್ಲ ಹಸಿರು ಪಾಚಿ ಹಚ್ಚಿ ತಿಂಗಳುಗಟ್ಟಲೆ ಸಂತೋಷಪಟ್ಟಿದ್ದೆ. ಆಮೇಲೆ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಹಳೆಯ ಮನೆಯೊಂದರ ಎದುರು ಕೊಡೆ ಹಿಡಿದು ಒಂದು ಗಂಟೆ ನಿಂತೆ. ಅಲ್ಲಿ ಪಾಚಿ ಇದ್ದದ್ದು ಹಲಸಿನ ಮರದ ನೆರಳು ಬೀಳುವ ಕಡೆ ಮಾತ್ರ, ಅದೂ ಹೆಂಚುಗಳು ಒಂದರ ಮೇಲೊಂದು ಕೂರುವ ಸಂದಿಯಲ್ಲಿ.

ದಿಕ್ಕು ಯಾವುದೆಂದು ಅಮ್ಮನನ್ನು ಕೇಳಿ ತಿಳಿದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೈಋತ್ಯದಿಂದ ಬೀಸಿ ಹೊಡೆಯುತ್ತದೆ. ನಿಮ್ಮೂರಿಗೆ ಹತ್ತಿರದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್‌ಗಿಂತ ಹೆಚ್ಚು. ಇರಚಲು ತಡೆಯಲು ಪಡುವಣ ಗೋಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರೇ ಎಂಬುದನ್ನೂ ಕೇಳಿ. ಕಟ್ಟುತ್ತಿದ್ದರೆ ಆ ಗೋಡೆ ನೀವು ಅಂದುಕೊಂಡಷ್ಟು ಕೆಟ್ಟಿರುವುದಿಲ್ಲ, ಆದರೆ ತಟ್ಟಿ ತಾಗಿದ ಎತ್ತರದವರೆಗೆ ಮಾಸಲು ಬಣ್ಣದ ಒಂದು ಗಡಿ ಉಳಿದಿರುತ್ತದೆ. ಇನ್ನು ಬಡಗಣ ಮಾಡು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಇಳಿಜಾರು ನಿಧಾನವಾಗಿ ಒಣಗುತ್ತದೆ, ಕಪ್ಪೂ ಪಾಚಿಯೂ ಅಲ್ಲೇ ಹೆಚ್ಚು. ತೆಂಕಣ ಮಾಡು ಅದೇ ಮನೆಯದಾದರೂ ಹತ್ತು ವರ್ಷ ಚಿಕ್ಕದಾಗಿ ಕಾಣುತ್ತದೆ.

ಇನ್ನೊಂದು ನಿರ್ಧಾರವನ್ನು ಈಗಲೇ ಮಾಡಬೇಕು. ನಿಮ್ಮ ಮಾದರಿ ಯಾವ ತಿಂಗಳಿನದು? ಆಗಸ್ಟ್‌ನಲ್ಲಿ ಪಾಚಿ ಹಸಿಯಾಗಿ ಮಿನುಗುತ್ತದೆ, ಗೋಡೆ ಒದ್ದೆಯಾಗಿ ಬಣ್ಣ ಗಾಢವಾಗಿರುತ್ತದೆ. ಮಾರ್ಚ್‌ನಲ್ಲಿ ಅದೇ ಪಾಚಿ ಕಪ್ಪುಕಂದು ಹೊಟ್ಟಾಗಿ ಹೆಂಚಿಗೆ ಕಚ್ಚಿಕೊಂಡಿರುತ್ತದೆ, ಅಂಗಳದ ಕೆಂಪು ಧೂಳು ಜಗಲಿಯ ಅಂಚಿಗೆ ಕೂತಿರುತ್ತದೆ. ದೀಪಾವಳಿಯ ಹೊತ್ತಿಗೆ ಗೋಡೆಗೆ ಸುಣ್ಣ, ಕೆಳಗಿನ ಪಟ್ಟಿಗೆ ಕೆಮ್ಮಣ್ಣು ಬಳಿಯುವ ಮನೆಯಾದರೆ ನವೆಂಬರ್‌ನ ಗೋಡೆ ಬೆಳ್ಳಗಿದ್ದು, ಮಾಡು ಮಾತ್ರ ಮಳೆಗಾಲದ ಕಪ್ಪನ್ನು ಹೊತ್ತಿರುತ್ತದೆ. ನಿಮಗೆ ನಾನು ಸೂಚಿಸುವುದು ಇದೇ ನವೆಂಬರ್. ಕಪ್ಪು ಮಾಡಿನ ಕೆಳಗೆ ಬಿಳಿ ಗೋಡೆ, ಹೊಸ ಸುಣ್ಣದ ಹಿಂದಿನಿಂದ ಹಳೆಯ ಕಲೆ ಮೆಲ್ಲನೆ ಇಣುಕುವುದು: ಜನ ಬಾಳಿದ ಮನೆ ಹೀಗೇ ಇರುತ್ತದೆ. ಪಾಳುಬಿದ್ದ ಮನೆ ಬೇರೆ, ವಯಸ್ಸಾದ ಮನೆ ಬೇರೆ. ಅಮ್ಮನಿಗೆ ಪಾಳುಮನೆ ಕೊಡಬೇಡಿ.

ಅಳತೆಯ ಲೆಕ್ಕ ತಿಳಿಯದೆ ಕೆಲಸ ಕೆಡುವುದೇ ಹೆಚ್ಚು. 1:50ರ ಮಾದರಿಯನ್ನು ಅರ್ಧ ಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಮನೆಯನ್ನು 25 ಮೀಟರ್ ದೂರದಿಂದ ನೋಡಿದಂತೆ. ಅಷ್ಟು ದೂರದಿಂದ ಅಪ್ಪಟ ಕಪ್ಪು ಕಪ್ಪಾಗಿ ಕಾಣುವುದಿಲ್ಲ, ಸುಣ್ಣದ ಬಿಳಿಯೂ ಬಿಳಿಯಾಗಿ ಕಾಣುವುದಿಲ್ಲ. ಆದ್ದರಿಂದ ಕೊಳವೆಯಿಂದ ನೇರವಾಗಿ ಕಪ್ಪನ್ನಾಗಲಿ ಬಿಳಿಯನ್ನಾಗಲಿ ಬಳಸಬೇಡಿ. ಕಪ್ಪಿನ ಜಾಗಕ್ಕೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದಿಗೆ ಸ್ವಲ್ಪ ನೀಲಿ ಬೆರೆಸಿದ್ದು, ಬಿಳಿಯ ಜಾಗಕ್ಕೆ ಯೆಲ್ಲೊ ಓಕರ್ ಎಂಬ ಮಣ್ಣುಹಳದಿಯ ಒಂದು ಹನಿ ಸೇರಿದ ಬಿಳಿ. ಹಾಗೆಯೇ ಒಂದು ಸೆಂಟಿಮೀಟರ್ ದಪ್ಪದ ಪಾಚಿ ನಿಮ್ಮ ಅಳತೆಯಲ್ಲಿ ಒಂದು ಮಿಲಿಮೀಟರ್‌ನ ಐದನೇ ಒಂದು ಭಾಗ. ಅಂಗಡಿಯಲ್ಲಿ ಸಿಗುವ ಹಸಿರು ಹುಡಿ ಎಷ್ಟೇ ನಯವಾಗಿದ್ದರೂ ಮಾಡಿನ ಮೇಲೆ ಪೊದೆಯಾಗಿ ಕಾಣುತ್ತದೆ. ಇಲ್ಲಿ ಪಾಚಿ ಎಂದರೆ ಬರೀ ಬಣ್ಣ.

ಈಗ ಮಾಡು. ಇಡೀ ಮಾದರಿಯ ಅರ್ಧ ಜೀವ ಅಲ್ಲಿದೆ. ಮಲೆನಾಡಿನ ಮನೆಯಲ್ಲಿ ಕಣ್ಣಿಗೆ ಮೊದಲು ಬೀಳುವುದೇ ಮಾಡು. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದರು, ಅದನ್ನು ಕಟ್ಟಿ ನಿಲ್ಲಿಸಿದವರು ಜಾರ್ಜ್ ಪ್ಲೆಬ್‌ಸ್ಟ್. ನೇತ್ರಾವತಿ ದಡದ ಜೇಡಿಮಣ್ಣಿನ ಆ ಹೆಂಚು ಘಟ್ಟ ಹತ್ತಿ ಬಂದು ಸೋಗೆ, ಹುಲ್ಲಿನ ಮಾಡುಗಳ ಜಾಗ ಹಿಡಿಯಿತು. ಒಂದು ಹೆಂಚು ಸುಮಾರು 410 ಮಿಲಿಮೀಟರ್ ಉದ್ದ, 235 ಅಗಲ. ನಿಮ್ಮ ಅಳತೆಯಲ್ಲಿ 8.2 ಮತ್ತು 4.7. ಮಣ್ಣಿನಲ್ಲಿರುವ ಕಬ್ಬಿಣ ಸುಟ್ಟು ಬಂದ ಕೆಂಪು ಅದು. ಗೂಡಿನಲ್ಲಿ ಬೆಂಕಿ ಎಲ್ಲೆಡೆ ಒಂದೇ ಸಮ ತಗಲುವುದಿಲ್ಲ, ಆದ್ದರಿಂದ ಹೊಸ ಹೆಂಚುಗಳಲ್ಲೇ ಕಿತ್ತಳೆ, ಇಟ್ಟಿಗೆ, ಸುಟ್ಟ ಕಂದು ಎಂದು ಮೂರು ನಾಲ್ಕು ಛಾಯೆ ಇರುತ್ತದೆ. ಅದರ ಮೇಲೆ ಪ್ರತಿ ವರ್ಷ ಮಳೆಗೆ ಮೊದಲು ಹೆಂಚು ಕೈಯಾಡಿಸುವ ಕೆಲಸ. ಮಂಗ ಹಾರಿ ಒಡೆದದ್ದು, ತೆಂಗಿನ ಗರಿ ಬಿದ್ದು ಸೀಳಿದ್ದು ತೆಗೆದು ಹೊಸದು ಕೂರಿಸುತ್ತಾರೆ. ಹಾಗಾಗಿ ಎಂಬತ್ತು ವರ್ಷದ ಮಾಡಿನ ಮೇಲೆ ಎಂಬತ್ತು ವರ್ಷದ್ದೂ ಇಪ್ಪತ್ತು ವರ್ಷದ್ದೂ ಹೋದ ಏಪ್ರಿಲ್‌ನದ್ದೂ ಅಕ್ಕಪಕ್ಕ ಕೂತಿರುತ್ತವೆ.

ಇದನ್ನು ತರುವುದು ಹೀಗೆ. ನೀವು ಬಳಿದ ಕಂದಿನ ಮೇಲೆ ಇಟ್ಟಿಗೆ ಬಣ್ಣದ ಅಕ್ರಿಲಿಕ್ ಅನ್ನು ಒಣಕುಂಚದಿಂದ ಸವರಿ. ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಅನ್ನಿಸಿದಾಗ ಹೆಂಚಿನ ಏಣುಗಳ ಮೇಲೆ ಅಡ್ಡಡ್ಡ ಆಡಿಸಬೇಕು. ಸಂದಿಗಳಲ್ಲಿ ನಿಮ್ಮ ಕಂದು ಉಳಿಯುತ್ತದೆ, ಮೇಲ್ಮೈಗೆ ಕೆಂಪು ಮರಳುತ್ತದೆ. ಕೊಚ್ಚೆ ಎಂದು ಬೇಸರಪಟ್ಟದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದು ಒಣಗಿದ ಮೇಲೆ ತುದಿ ಚೂಪಾದ ಸಣ್ಣ ಕುಂಚ ತೆಗೆದುಕೊಂಡು, ಏಳೆಂಟು ಹೆಂಚಿಗೆ ಒಂದರಂತೆ ಬೇರೆ ಛಾಯೆ ಕೊಡಿ. ಸಾಲು ಹಿಡಿಯಬೇಡಿ, ಚೆಲ್ಲಾಪಿಲ್ಲಿಯಾಗಿರಲಿ. ಕಿತ್ತಳೆಯ ಹೊಸ ಹೆಂಚುಗಳನ್ನು ಮಾತ್ರ ಎರಡು ಮೂರು ಒಟ್ಟಿಗೆ ಒಂದೇ ಕಡೆ ಇಡಿ, ಏಕೆಂದರೆ ಗರಿ ಬಿದ್ದರೆ ಅಕ್ಕಪಕ್ಕದ್ದೆಲ್ಲ ಒಟ್ಟಿಗೇ ಒಡೆಯುತ್ತದೆ.

ಮುಂದಿನದು ಮಳೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ 100 ಮಿಲಿಲೀಟರ್‌ಗೆ ಕಪ್ಪು ಡ್ರಾಯಿಂಗ್ ಇಂಕ್ ಹದಿನೈದಿಪ್ಪತ್ತು ಹನಿ ಹಾಕಿ ಕುಲುಕಿ. ನೀರಿಗಿಂತ ಇದು ಕಾಗದಕ್ಕೆ ಕಡಿಮೆ ಹಾನಿ ಮಾಡುತ್ತದೆ, ಬೇಗ ಆರುತ್ತದೆ. ಮಾದರಿಯನ್ನು ನೆಟ್ಟಗೆ ನಿಲ್ಲಿಸಿ, ಮಾಡು ತನ್ನ ನಿಜವಾದ ಇಳಿಜಾರಿನಲ್ಲೇ ಇರಲಿ. ಅಗಲ ಕುಂಚದಿಂದ ನೆತ್ತಿಗೆ ಮುಟ್ಟಿಸಿ ಕೆಳಕ್ಕೆ ಬಿಡಿ. ಅದು ತಾನಾಗಿ ಗಾಡಿ ಹಿಡಿದು ಇಳಿಯುತ್ತದೆ, ಪ್ರತಿ ಹೆಂಚಿನ ಕೆಳ ಅಂಚಿನಲ್ಲಿ ತಡೆದು ನಿಲ್ಲುತ್ತದೆ, ಎರಡು ಮಾಡು ಕೂಡುವಲ್ಲಿ ಗಟ್ಟಿಯಾಗುತ್ತದೆ. ಮಳೆ ಎಂಬತ್ತು ವರ್ಷ ಮಾಡಿದ್ದನ್ನು ಇಂಕು ಎರಡು ನಿಮಿಷದಲ್ಲಿ ಅದೇ ದಾರಿಯಲ್ಲಿ ಮಾಡುತ್ತದೆ. ಅದನ್ನು ನೋಡುವುದೇ ಒಂದು ಆನಂದ, ಕೈ ಹಾಕಿ ತಿದ್ದಬೇಡಿ. ಆಲ್ಕೊಹಾಲ್ ಅಕ್ರಿಲಿಕ್ ಬಣ್ಣವನ್ನು ಮೆತ್ತಗೆ ಮಾಡುತ್ತದೆ. ಒಮ್ಮೆ ಹಚ್ಚಿ ಕುಂಚ ಎತ್ತಿದರೆ ಏನೂ ಆಗುವುದಿಲ್ಲ, ಉಜ್ಜಿದರೆ ಕೆಳಗಿನ ಕೆಂಪು ಎದ್ದು ಬರುತ್ತದೆ. ಪೂರ್ತಿ ಆರಲು ಬಿಟ್ಟು ಮತ್ತೊಮ್ಮೆ, ಬಡಗಣ ಮಾಡಿಗೆ ಮೂರನೆಯ ಬಾರಿ. ಹೊಸ ಹೆಂಚುಗಳನ್ನು ಪ್ರತಿ ಸಲವೂ ಬಟ್ಟೆಯ ತುದಿಯಿಂದ ಒತ್ತಿ ತೆಗೆಯಿರಿ. ಆಲ್ಕೊಹಾಲ್‌ಗೆ ಬೇಗ ಬೆಂಕಿ ಹತ್ತುತ್ತದೆ, ದೇವರ ದೀಪ ಉರಿಯುವ ಕೋಣೆಯಲ್ಲಿ ಈ ಕೆಲಸ ಬೇಡ, ಕಿಟಕಿ ತೆರೆದಿಡಿ.

ಅಡುಗೆಮನೆ ಯಾವ ಮೂಲೆಯಲ್ಲಿತ್ತು? ಕಟ್ಟಿಗೆ ಒಲೆಯ ಮನೆಯಾದರೆ ಹೊಗೆ ಹೆಂಚಿನ ಸಂದಿಯಿಂದಲೇ ಹೊರಗೆ ಹೋಗುತ್ತಿತ್ತು. ಒಳಗೆ ಪಕಾಸಿ, ರೀಪುಗಳಿಗೆ (ಹೆಂಚು ಹೊರುವ ಮರಗಳಿಗೆ) ಹೊಗೆಯ ಇಲ್ಲಣ ಕಟ್ಟಿದ ಹಾಗೆ ಹೊರಗೆ ಆ ಭಾಗದ ಮಾಡಿನ ಮೇಲೂ ಮಸಿ ಕೂರುತ್ತದೆ. ಅದು ಮಳೆಯ ಕಪ್ಪಿನಂತೆ ಗೆರೆಗೆರೆಯಾಗಿ ಇಳಿಯುವುದಿಲ್ಲ, ಮೋಡದ ಹಾಗೆ ಅಂಚಿಲ್ಲದೆ ಹರಡಿರುತ್ತದೆ. ಇದಕ್ಕೆ ದ್ರವ ಬಣ್ಣ ಸಲ್ಲದು. ಕಪ್ಪು ಮತ್ತು ಗಾಢ ಕಂದು ಸಾಫ್ಟ್ ಪಾಸ್ಟೆಲ್ ಕಡ್ಡಿಗಳನ್ನು ಬ್ಲೇಡಿನಿಂದ ಕೆರೆದು ಹುಡಿ ಮಾಡಿ, ಮೆತ್ತನೆಯ ಕುಂಚದಿಂದ ತಟ್ಟಿ ತಟ್ಟಿ ಕೂರಿಸಿ. ಕೆರೆಯುವಾಗ ಮೂಗಿಗೆ ಮಾಸ್ಕ್ ಇರಲಿ. ಬೆಳಕಿಗೆಂದು ಹಾಕಿದ್ದ ಕನ್ನಡಿ ಹೆಂಚು ಫೋಟೊದಲ್ಲಿ ಎಲ್ಲಾದರೂ ಇದೆಯೇ ಹುಡುಕಿ. ಅಂಥ ಒಂದು ಹೆಂಚನ್ನು ಓಎಚ್‌ಪಿ ಹಾಳೆಯಿಂದ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕತ್ತರಿಸಿ ಕೂರಿಸಿ, ಅದರ ಮೇಲೂ ಒಂದು ಮಾಸಲು ಗೆರೆ ಎಳೆದರೆ ಮಾಡಿನ ಕೆಳಗೆ ಅಡುಗೆಮನೆ ಇದೆ ಎಂಬುದು ಹೇಳದೆಯೇ ತಿಳಿಯುತ್ತದೆ.

ಪಾಚಿ ಮತ್ತು ಕಲ್ಲುಹೂವಿಗೆ ತೈಲವರ್ಣ ಒಳ್ಳೆಯದು. ಕೊಳವೆಯಿಂದ ತೆಗೆದು ರಟ್ಟಿನ ತುಂಡಿನ ಮೇಲೆ ಒಂದು ಗಂಟೆ ಬಿಡಿ. ರಟ್ಟು ಎಣ್ಣೆ ಹೀರಿಕೊಳ್ಳುತ್ತದೆ, ಬಣ್ಣ ಹೊಳಪಿಲ್ಲದೆ ಆರುತ್ತದೆ. ಅದಕ್ಕೂ ಮೊದಲು ಮಾಡಿಗೆ ಮ್ಯಾಟ್ ವಾರ್ನಿಶ್ ತೆಳ್ಳಗೆ ಹೊಡೆದಿರಬೇಕು, ಇಲ್ಲವಾದರೆ ನಿಮ್ಮ ಕಾಗದದ ಹೆಂಚೂ ಎಣ್ಣೆ ಹೀರಿ ಕಲೆಯಾಗುತ್ತದೆ. ವಾರ್ನಿಶ್ ಆದಮೇಲೆ ಮತ್ತೆ ಆಲ್ಕೊಹಾಲ್ ತಾಗಿಸಬೇಡಿ, ಬೆಳ್ಳಗೆ ಮಂಜು ಹಿಡಿಯುತ್ತದೆ. (ಇದೇ ಮಂಜನ್ನು ನಾನು ಸುಣ್ಣದ ಗೋಡೆಯ ಮೇಲೆ ಬೇಕೆಂದೇ ತರಿಸುತ್ತೇನೆ, ಮಳೆಗೆ ತೊಳೆದುಹೋದ ಸುಣ್ಣ ಅದಕ್ಕಿಂತ ಚೆನ್ನಾಗಿ ಬೇರೆ ಯಾವುದರಿಂದಲೂ ಬಂದದ್ದಿಲ್ಲ.) ಸ್ಯಾಪ್ ಗ್ರೀನ್‌ಗೆ ಬರ್ನ್ಟ್ ಅಂಬರ್ ಬೆರೆಸಿ ಹಸಿರು ಸಾಯುವವರೆಗೆ ಕಲಸಿ, ಟರ್ಪೆಂಟೈನ್‌ನಲ್ಲಿ ತೆಳುಮಾಡಿ ಹೆಂಚಿನ ಸಂದಿಗಳಿಗೆ ಮುಟ್ಟಿಸಿ. ಕಲ್ಲುಹೂವು ಮಾಸಲು ಬೂದು ಹಸಿರಿನ ದುಂಡು ಬೊಟ್ಟು. ನಿಜದಲ್ಲಿ ಅಂಗೈಯಗಲ ಇದ್ದರೂ ಇಲ್ಲಿ ಒಂದೂವರೆ ಮಿಲಿಮೀಟರ್. ಹಲ್ಲುಕಡ್ಡಿಯ ತುದಿಯಿಂದ ಹತ್ತು ಹನ್ನೆರಡು ಬೊಟ್ಟು ಇಟ್ಟು ನಿಲ್ಲಿಸಿ.

ಗೋಡೆಗೆ ಬರೋಣ. ಮಲೆನಾಡಿನ ಹಳೆಯ ಮನೆಗಳಲ್ಲಿ ತಳಪಾಯ ಜಂಬಿಟ್ಟಿಗೆಯದು (ಕರಾವಳಿಯವರು ಮುರಕಲ್ಲು ಎನ್ನುತ್ತಾರೆ), ಅದರ ಮೇಲೆ ಮಣ್ಣಿನ ಗೋಡೆ, ಮಣ್ಣಿನ ಗಾರೆ, ಸುಣ್ಣ. ಸುಣ್ಣವನ್ನು ವರ್ಷವರ್ಷ ಬಳಿದಾಗ ಪದರದ ಮೇಲೆ ಪದರ ಕೂತು ಮೂಲೆಗಳ ಏಣು ಮಾಯವಾಗುತ್ತದೆ. ನಿಮ್ಮ ಸನ್‌ಬೋರ್ಡ್ ಗೋಡೆಯ ಮೂಲೆಗಳು ಬ್ಲೇಡಿನಿಂದ ಕತ್ತರಿಸಿದ ಹಾಗೆಯೇ ಚೂಪಾಗಿ ಉಳಿದಿದ್ದರೆ ಯಾವ ಬಣ್ಣವೂ ಅವನ್ನು ಹಳತು ಮಾಡಲಾರದು. ನಯವಾದ ಉಪ್ಪುಕಾಗದದಿಂದ ಮೂಲೆಗಳನ್ನು, ಕಿಟಕಿಯ ಸುತ್ತಲಿನ ಅಂಚನ್ನು ಮೊದಲು ದುಂಡಗೆ ಮಾಡಿಕೊಳ್ಳಿ. ಗೋಡೆ ಅಲ್ಲಲ್ಲಿ ಕೂದಲೆಳೆಯಷ್ಟು ಉಬ್ಬುತಗ್ಗಾಗಲೂ ಬಿಡಿ.

ಸುಣ್ಣ ಚಕ್ಕೆ ಎದ್ದು ಒಳಗಿನ ಮಣ್ಣು ಕಾಣುವುದನ್ನು ತೋರಿಸಲು ಹೇರ್‌ಸ್ಪ್ರೇ ಸಾಕು. ಈಗಿರುವ ಕಂದಿನ ಮೇಲೆ ಮಣ್ಣಿನ ಕೆಂಪು ಬಳಿದು ಒಣಗಿಸಿ, ಹೇರ್‌ಸ್ಪ್ರೇ ಎರಡು ಸಲ ಹೊಡೆದು ಆರಿಸಿ, ಮೇಲೆ ಸುಣ್ಣದ ಬಣ್ಣದ ಅಕ್ರಿಲಿಕ್ ಬಳಿಯಿರಿ. ಒಂದೆರಡು ಗಂಟೆಯೊಳಗೆ ಬೇಕಾದ ಜಾಗಕ್ಕೆ ನೀರು ಮುಟ್ಟಿಸಿ, ಗಡಸು ಕುಂಚದಿಂದ ತಟ್ಟಿದರೆ ಕೆಳಗಿನ ಹೇರ್‌ಸ್ಪ್ರೇ ಕರಗಿ ಸುಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಮೊದಲು ಒಂದು ತುಂಡು ಸನ್‌ಬೋರ್ಡ್ ಮೇಲೆ ಮಾಡಿ ನೋಡಿ. ಕೆಲವು ಸ್ಪ್ರೇಗಳು ಹಾಳೆಯ ಮೈಯನ್ನೇ ತಿನ್ನುತ್ತವೆ. ಎಲ್ಲಿ ಏಳಿಸಬೇಕು? ನೆಲದ ತೇವ ಮೇಲೇರುವ ಗೋಡೆಯ ಬುಡದಲ್ಲಿ, ಕಿಟಕಿಯ ಕೆಳಮೂಲೆಗಳಲ್ಲಿ, ಹೆಂಚು ಒಡೆದು ಸೋರಿದ ಜಾಗದ ನೇರ ಕೆಳಗೆ. ಸೂರಿನ ಅಡಿಯ ಎರಡು ಅಡಿ ಗೋಡೆಗೆ ಮಳೆ ತಾಗುವುದೇ ಇಲ್ಲ. ಅಲ್ಲಿ ಸುಣ್ಣ ಹಾಗೇ ಇರಲಿ, ಬೇಕಾದರೆ ಜೇಡರಬಲೆಗೆ ಹಿಡಿದ ಧೂಳಿನಂತೆ ಬೂದು ಪಾಸ್ಟೆಲ್ ಒಂದಿಷ್ಟು.

ಗೋಡೆಯ ಬುಡಕ್ಕೆ ಎರಚಿದ ಕೆಮ್ಮಣ್ಣು ಮಲೆನಾಡಿನ ಮನೆಯ ಸಹಿ ಇದ್ದಂತೆ, ಇದನ್ನು ಬಿಡಲೇಬೇಡಿ. ಸೂರಿನಿಂದ ಬಿದ್ದ ಹನಿ ಅಂಗಳದ ಮಣ್ಣನ್ನು ಮೊಳಕಾಲೆತ್ತರಕ್ಕೆ ಸಿಡಿಸುತ್ತದೆ; ಸುಮಾರು 45 ಸೆಂಟಿಮೀಟರ್, ಅಂದರೆ ನಿಮಗೆ 9 ಮಿಲಿಮೀಟರ್. ಕೆಳಗೆ ಒತ್ತಾಗಿ, ಮೇಲೆ ಹೋದಂತೆ ಬಿಡಿಬಿಡಿಯಾಗಿ. ಗೋಡೆಯ ಮೇಲ್ಭಾಗಕ್ಕೆ ಕಾಗದ ಮುಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ಗೆ ತೆಳು ಕೆಂಪು ಬಣ್ಣ ತಗುಲಿಸಿ, ಮಾದರಿಯ ನೆಲದ ಮಟ್ಟದಿಂದ ಮೇಲ್ಮುಖವಾಗಿ ಹೆಬ್ಬೆರಳಿನಿಂದ ಸಿಡಿಸಿ. ಮೇಲಿನಿಂದ ಸಿಡಿಸಿದರೆ ಹನಿಗಳ ಓಟ ತಲೆಕೆಳಗಾಗುತ್ತದೆ, ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ತಪ್ಪಿದೆ ಅನ್ನಿಸುತ್ತದೆ. ಸಾಧ್ಯವಾದರೆ ಆ ಮನೆಯ ಜಾಗಕ್ಕೆ ಹೋಗಿ ಒಂದು ಮುಷ್ಟಿ ಮಣ್ಣು ತನ್ನಿ. ಒಣಗಿಸಿ, ಕುಟ್ಟಿ, ಔಷಧಿಗೆ ಮಾಡುವಂತೆ ವಸ್ತ್ರಗಾಳಿತ ಮಾಡಿದರೆ ಅದಕ್ಕಿಂತ ಒಳ್ಳೆಯ ಹುಡಿಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ವಾರ್ನಿಶ್ ಹೊಡೆದಾಗ ಮಣ್ಣು ಒಂದೆರಡು ಛಾಯೆ ಕಪ್ಪಾಗುತ್ತದೆ, ಅದಕ್ಕೆ ತಕ್ಕಂತೆ ಸ್ವಲ್ಪ ಬಿಳಿ ಪಾಸ್ಟೆಲ್ ಹುಡಿ ಮೊದಲೇ ಬೆರೆಸಿಕೊಳ್ಳಿ.

ಮರದ ವಿಷಯದಲ್ಲಿ ಬಹಳ ಜನ ಒಂದೇ ತಪ್ಪು ಮಾಡುತ್ತಾರೆ: ಹಳೆಯ ಮರ ಎಂದರೆ ಬೂದು ಎಂದುಕೊಳ್ಳುತ್ತಾರೆ. ಬಿಸಿಲು ಮತ್ತು ಮಳೆ ಎರಡೂ ತಾಗಿದ ಮರ ಬೂದಾಗುತ್ತದೆ. ಬಿಸಿಲು ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶವನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ. ಜಗಲಿಯ ಒಳಗಿನ ಕಂಬ, ಹೆಬ್ಬಾಗಿಲು, ದಳಿ ಬೂದಾಗುವುದಿಲ್ಲ, ವರ್ಷ ಕಳೆದಂತೆ ಎಣ್ಣೆಗಪ್ಪಾಗುತ್ತವೆ. ಹೊರಗಿನ ಕಿಟಕಿಯ ಬಾಗಿಲು, ಸೂರಿನಂಚಿನ ಹಲಗೆ ಮಾತ್ರ ಬೂದು. ಆ ಬೂದಿಗೆ ಬಣ್ಣಕ್ಕಿಂತ ಒಳ್ಳೆಯ ದಾರಿ ಇದೆ. ಪಾತ್ರೆ ಉಜ್ಜುವ ಸ್ಟೀಲ್ ವುಲ್‌ನ ಚೂರನ್ನು (ತುಕ್ಕು ಹಿಡಿಯುವಂಥದ್ದಾಗಬೇಕು, ಸ್ಟೇನ್‌ಲೆಸ್ ಆಗದು) ವಿನೆಗರ್‌ನಲ್ಲಿ ಮೂರು ನಾಲ್ಕು ದಿನ ನೆನೆಹಾಕಿ, ಮುಚ್ಚಳ ಬಿಗಿಯಬೇಡಿ. ಮರದ ಚಕ್ಕೆಗೆ ಮೊದಲು ಕಡು ಚಹಾ ಬಳಿದು ಒಣಗಿಸಿ, ಆಮೇಲೆ ಈ ನೀರು ಬಳಿಯಿರಿ. ಚಹಾದ ಒಗರು ಅಂಶವಾದ ಟ್ಯಾನಿನ್‌ಗೆ ಕಬ್ಬಿಣ ಸೇರಿ ಮರ ಕಣ್ಣೆದುರೇ ಬೂದಾಗುತ್ತದೆ, ಅದೂ ನಾರಿನ ಒಳಗಿನಿಂದ. ಬಣ್ಣ ಅಥವಾ ಫೆವಿಕಾಲ್ ತಾಗಿದ ಜಾಗಕ್ಕೆ ಇದು ಹತ್ತುವುದಿಲ್ಲ. ನಿಮ್ಮ ಕಿಟಕಿ ಬಾಗಿಲುಗಳಿಗೆ ಈಗಾಗಲೇ ಕಂದು ಬಳಿದಿರುವುದರಿಂದ ಅವನ್ನು ಬಿಡಿಸಿ ಹೊಸ ಚಕ್ಕೆಯಲ್ಲಿ ಮಾಡಿ. ಒಂದು ದಿನದ ಕೆಲಸ. ಕಿಟಕಿಯ ಸರಳುಗಳ ಬುಡದಲ್ಲಿ ತುಕ್ಕಿನ ಗೆರೆ ಒಂದೆರಡು ಕಡೆ ಸಾಕು.

ಇಷ್ಟು ದೂರ ಬಂದಾಗ ಕೈ ನಿಲ್ಲುವುದಿಲ್ಲ, ಇನ್ನೂ ಒಂದು ಕಲೆ, ಇನ್ನೂ ಒಂದು ಬಿರುಕು ಎಂದು ಆಸೆಯಾಗುತ್ತದೆ. ಮಾದರಿಗಳನ್ನು ಹಳತುಮಾಡುವ ಈ ವಿದ್ಯೆಯನ್ನು ಅಮೆರಿಕದಲ್ಲಿ ಗಂಭೀರವಾಗಿ ಬೆಳೆಸಿದವರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯ ಜಾನ್ ಆಲೆನ್ ಮುಖ್ಯರು. ಛಾಯಾಗ್ರಾಹಕರಾಗಿದ್ದ ಅವರು ತಮ್ಮ ಮಾದರಿ ರೈಲು ಊರಿನ ಕಟ್ಟಡಗಳನ್ನು ಬೆಳಕು ನೆರಳು ಬಲ್ಲವರ ಕಣ್ಣಿನಿಂದ ಹಳತುಮಾಡಿದರು. 1973ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅದರ ಬಹುಪಾಲು ಬೆಂಕಿಗೆ ಆಹುತಿಯಾಯಿತು, ಉಳಿದದ್ದು ಹೆಚ್ಚಾಗಿ ಚಿತ್ರಗಳು. ಇನ್ನೊಂದು ಕಡೆ ಇಂಗ್ಲೆಂಡಿನ ಲಾಂಗ್ ವಿಟನ್‌ಹ್ಯಾಮ್‌ನಲ್ಲಿ ಪೆಂಡನ್ ಮ್ಯೂಸಿಯಂ ಇದೆ. ಆಸ್ಟ್ರೇಲಿಯಾದಿಂದ 1925ರಲ್ಲಿ ಇಂಗ್ಲೆಂಡಿಗೆ ಬಂದ, ಅದರ ಸ್ಥಾಪಕ ರಾಯ್ ಇಂಗ್ಲೆಂಡ್ ಎಂಬವರು ಕಣ್ಣೆದುರೇ ಬದಲಾಗುತ್ತಿದ್ದ ಹಳ್ಳಿಮನೆಗಳನ್ನು ಕಂಡು ಸಂಕಟಪಟ್ಟು, ಅವು ಇದ್ದ ಹಾಗೆಯೇ 1:76 ಅಳತೆಯಲ್ಲಿ ಉಳಿಸಲು ಹೊರಟರು. ಅಲ್ಲಿನ ಮನೆಗಳಲ್ಲಿ ಕಲೆ, ಬಿರುಕುಗಳ ಅಬ್ಬರವಿಲ್ಲ. ಕಾರ್ಡಿನ ಗೋಡೆಗೆ ಜಲವರ್ಣ, ಅಷ್ಟೇ. ಎರಡೂ ದಾರಿಗಳನ್ನು ನಾನು ಗೌರವಿಸುತ್ತೇನೆ. ಆದರೆ ಇದ್ದ ಒಂದು ಮನೆಯನ್ನು ಬಲ್ಲವರಿಗಾಗಿ ಮಾಡುವಾಗ ಪೆಂಡನ್‌ನ ದಾರಿಯೇ ಸರಿ. ಫೋಟೊದಲ್ಲಿಯೋ ಅಮ್ಮನ ನೆನಪಿನಲ್ಲಿಯೋ ಇಲ್ಲದ ಬಿರುಕನ್ನು ಚೆಂದಕ್ಕೆಂದು ಹಾಕಬೇಡಿ.

ಸಾಕೋ ಇಲ್ಲವೋ ಎಂದು ತಿಳಿಯಲು ಮೊಬೈಲ್‌ನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದು, ಮನೆಯ ಹಳೆಯ ಫೋಟೊದ ಪಕ್ಕ ಇಟ್ಟು ನೋಡಿ. ಬಣ್ಣ ಹೋದಾಗ ಗಾಢ ತೆಳುಗಳ ತಪ್ಪು ಎದ್ದು ಕಾಣುತ್ತದೆ. ಎಲ್ಲ ಸರಿಯೆನಿಸಿದ ಮೇಲೆ ಮ್ಯಾಟ್ ವಾರ್ನಿಶ್ ದೂರದಿಂದ ಒಂದೇ ಒಂದು ತೆಳು ಪದರ.

ಮನೆಯನ್ನು ಹಲಗೆಯ ಮೇಲೆ ಸುಮ್ಮನೆ ಇಡಬೇಡಿ, ನೆಲದೊಳಗೆ ಕೂರಿಸಿ. ಗೋಡೆಯ ಬುಡಕ್ಕೂ ಅಂಗಳಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಕಂಡರೂ ಮಾಡಿದ್ದೆಲ್ಲ ವ್ಯರ್ಥ. ಸೂರಿನ ತುದಿಯ ನೇರ ಕೆಳಗೆ ಅಂಗಳದಲ್ಲಿ ಸಾಲು ಗುಳಿಗಳಿರುತ್ತವೆ, ಪ್ರತಿ ಹೆಂಚಿನ ಗಾಡಿಗೆ ಒಂದರಂತೆ. ಮಣ್ಣು ತೊಳೆದುಹೋಗಿ ಸಣ್ಣ ಕಲ್ಲುಗಳು ಮೇಲೆದ್ದಿರುತ್ತವೆ. ಮಕ್ಕಳಾಗಿದ್ದಾಗ ನಾವೆಲ್ಲ ಅಲ್ಲಿ ಕೂತು ಆ ಕಲ್ಲು ಆರಿಸಿದವರೇ. ಹಸಿ ಪುಟ್ಟಿಯ ಮೇಲೆ ಸೂಜಿಯಿಂದ 4 ಮಿಲಿಮೀಟರಿಗೊಂದು ಚುಕ್ಕಿ ಒತ್ತಿ, ಒಣಗಿದ ಮೇಲೆ ಜರಡಿ ಹಿಡಿದ ಮರಳು ಹಾಕಿ.

ಇನ್ನು ಮನುಷ್ಯರ ಕೈ ಮಾಡಿದ ಕಲೆಗಳು. ಜಗಲಿಯ ಕಂಬವನ್ನು ಹತ್ತಿಳಿಯುವವರೆಲ್ಲ ಹಿಡಿಯುವ ಎತ್ತರ ನೆಲದಿಂದ ಸುಮಾರು 24 ಮಿಲಿಮೀಟರ್. ಅಲ್ಲಿ ಮ್ಯಾಟ್ ವಾರ್ನಿಶ್ ಮೇಲೆ ನುಣುಪು ಕಂದನ್ನು ಬೆರಳ ತುದಿಯಿಂದ ಉಜ್ಜಿ ಹೊಳಪು ತನ್ನಿ, ಕುಂಚ ಬೇಡ. ಹೊಸಿಲಿನ ನಡುಭಾಗವನ್ನು ಉಪ್ಪುಕಾಗದದಿಂದ ಒಂದಿಷ್ಟು ತಗ್ಗು ಮಾಡಿ. ಕೊನೆಗೆ ಜಗಲಿಯ ಚಿಟ್ಟೆಯ (ಕೂರುವ ಕಟ್ಟೆಯ) ಹಿಂದಿನ ಗೋಡೆ. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು ಗೋಡೆಗೆ ಒರಗಿ ಕೂರುವ ಹಿರಿಯರ ತಲೆಯ ಎಣ್ಣೆ ಸುಣ್ಣಕ್ಕೆ ಇಳಿದು ಒಂದು ದುಂಡನೆಯ ಕಂದು ಕಲೆಯಾಗಿರುತ್ತದೆ. ಎಷ್ಟು ಸುಣ್ಣ ಬಳಿದರೂ ಅದು ಮತ್ತೆ ಮೇಲೆ ಬರುತ್ತದೆ. ಚಿಟ್ಟೆಯಿಂದ 15 ಮಿಲಿಮೀಟರ್ ಮೇಲೆ, 4 ಮಿಲಿಮೀಟರ್ ಅಗಲ. ರಾ ಅಂಬರ್ ತೈಲವರ್ಣವನ್ನು ಟರ್ಪೆಂಟೈನ್‌ನಲ್ಲಿ ಬಹಳ ತೆಳುವಾಗಿ ಕಲಸಿ ಒಂದು ಸಲ ಮುಟ್ಟಿಸಿದರೆ ತಾನೇ ಹರಡಿಕೊಳ್ಳುತ್ತದೆ. ಅದಕ್ಕೆ ಮೊದಲು ಅಮ್ಮನನ್ನು ಕೇಳಿ: ಅಜ್ಜ ಒರಗುತ್ತಿದ್ದದ್ದು ಹೆಬ್ಬಾಗಿಲಿನ ಎಡಕ್ಕೋ, ಬಲಕ್ಕೋ?